ಹೊಕ್ಕುಳು

ವಾಯನಾಯಿ ದಾರಿಯಲ್ಲಿ, ಟೈರಿನಂಗಡಿ ದಾಟಿದ ಮೇಲೆ,
ಕಿಯಾವೆ ಮರದ ಮುಳ್ಳುನೆರಳಲ್ಲಿ
ನಮ್ಮ ಲೋಪಕ ಮಾವನ ಶೆಡ್ಡು.
ಬೋರ್ಡಿಲ್ಲ. ಗರಗಸದ ಸದ್ದೇ ಬೋರ್ಡು.

ಒಳಗೂ ಹೊರಗೂ ನಿಂತವರು:
ಗಿಡ್ಡ ಕಾಲು, ಬಾಗಿದ ಮಂಡಿ,
ಮಲಗಿಸಿದ ಎಂಟರಂಥ ಬಾಯಿ.
ಒಸಾಕದ ಬಾರಿಗೆ ಹನ್ನೆರಡು,
ನೆಬ್ರಾಸ್ಕಾದ ಯಾರದೋ ಈಜುಕೊಳಕ್ಕೆ ಒಂದು ಜೊತೆ,
ಕಡಲಂಚಿನ ಹೊಟೇಲಿಗೆ ಒಂಬತ್ತು.

ಹೊಟೇಲಿನವರು ಫೋಟೋ ಹಿಡಿದು ಬಂದಿದ್ದರು.
ಥೇಟ್ ಹೀಗೇ ಇರಲಿ, ಆದರೆ ಸ್ವಲ್ಪ ನಗಲಿ,
ಮಕ್ಕಳು ಹೆದರಬಾರದು ನೋಡಿ, ಅಂದರು.
ಮಾವ ನಗಿಸಿದ.
ಟ್ರಕ್ಕಿನ ಕಂತು ಯಾವತ್ತೂ ನಗುವುದಿಲ್ಲವಲ್ಲ.

ನನ್ನ ಪಾಲಿಗೆ ಉಪ್ಪುಕಾಗದ, ಆಮೇಲೆ ಬೆಂಕಿಯ ನಳಿಕೆ,
ಆಮೇಲೆ ಗೀರುಗೀರಿಗೂ ಕಪ್ಪು ಬೂಟ್‌ಪಾಲಿಶ್.
ಒಂದೇ ಮಧ್ಯಾಹ್ನದಲ್ಲಿ
ಇನ್ನೂರು ವರ್ಷ ವಯಸ್ಸು ಬರಿಸುತ್ತಿದ್ದೆ.

ಆಗೊಮ್ಮೆ ಕೇಳಿದ್ದೆ:
ಮಾವ, ಇವಕ್ಕೆಲ್ಲ ಹೊಕ್ಕುಳೇ ಇಲ್ಲವಲ್ಲ?

ಉಳಿಯನ್ನು ಪ್ಯಾಂಟಿಗೆ ಒರೆಸಿಕೊಂಡ.
ಪಿಕೋ ಕೊರೆಯುವುದು ಕಟ್ಟಕಡೆಗೆ, ಅನ್ನುತ್ತಿದ್ದ ನಮ್ಮಜ್ಜ.
ಅಲ್ಲಿಯವರೆಗೆ ಮರ, ಅಲ್ಲಿಂದಾಚೆ ಬೇರೆ.
ಹೊಕ್ಕುಳಿದ್ದರೆ ಹುಟ್ಟಿತು ಅಂತ ಲೆಕ್ಕ,
ಹುಟ್ಟಿದ್ದಕ್ಕೆ ಹಸಿವು.
ಬಾರಿನ ಮೂಲೆಯಲ್ಲಿ ಯಾರು ಉಣಿಸುತ್ತಾರೆ?
ಮರವಾಗಿಯೇ ಇರಲಿ ಬಿಡು, ಪಾಪ.

ಹದಿನೆಂಟು ವರ್ಷದ ಮೇಲೆ ಹೊಟೇಲು ಕೈ ಬದಲಾಯಿತು.
ಹೊಸಬರಿಗೆ ಬಿಳಿ ಗೋಡೆ ಸಾಕು, ಬೂದು ಸೋಫಾ ಸಾಕು,
ಮೂಲೆಗೊಂದು ಕಳ್ಳಿ.
ಟ್ರಕ್ಕು ತೆಗೆದುಕೊಂಡು ಹೋದವನು ನಾನೇ.
ಹಿತ್ತಲ ಬಾಗಿಲಲ್ಲಿ ರಾಶಿ ಬಿದ್ದಿತ್ತು ದ್ವೀಪವೆಲ್ಲ:
ಹೊಟ್ಟೆಯುಬ್ಬಿದ ಮುಳ್ಳುಮೀನು, ಒಳಗೆ ಸತ್ತ ಬಲ್ಬು,
ಬಿದಿರಲ್ಲದ ಬಿದಿರು, ಬಾಡಲಾರದ ಹೂವಿನ ಹಾರ,
ಯಾವ ಮೀನನ್ನೂ ಕಾಣದ ಬಲೆ.
ಒಂಬತ್ತು ಜನ ಅಡ್ಡಡ್ಡ ಮಲಗಿ ನಗುತ್ತಿದ್ದರು.
ಮೂಗಿನಲ್ಲಿ ಚೂಯಿಂಗ್ ಗಮ್ಮು, ತೊಡೆಯ ಮೇಲೆ ಸಿಗರೇಟಿನ ಸುಟ್ಟಗಾಯ,
ಒಬ್ಬನ ಹಲ್ಲಿಗೆ ಸಿಕ್ಕಿಕೊಂಡ ನೀಲಿ ಕಾಗದದ ಕೊಡೆ
ಇನ್ನೂ ಬಿಚ್ಚಿಕೊಂಡೇ ಇತ್ತು.

ಸೀಳು, ಅಂದ ಮಾವ.
ಹಂದಿ ಬೇಯಿಸುವ ಗುಂಡಿಗೆ ಬೇಡ, ಪಾಲಿಶ್ ಕುಡಿದ ಮರ,
ಡ್ರಮ್ಮಿನಲ್ಲಿ ಸುಡೋಣ.
ಎಂಟು ಸೀಳಿದೆವು.
ಒಂಬತ್ತನೆಯದಕ್ಕೆ ಗರಗಸ ಎತ್ತಿದವನು
ಹಾಗೇ ಆರಿಸಿದ.

ಹೊಟ್ಟೆಯ ನಟ್ಟನಡುವೆ ಒಂದು ಗುಳಿ.
ಉಳಿಯ ಗುರುತಿಲ್ಲ, ಚಾಕುವಿನ ಗೀರಿಲ್ಲ,
ಬಟ್ಟಲಿನ ಒಳಮೈಯಂತೆ ನುಣ್ಣಗೆ, ಎಣ್ಣೆಗಪ್ಪು.
ಮಾವನ ಹೆಬ್ಬೆರಳು ಹಿಡಿಸಲಿಲ್ಲ. ನನ್ನದೂ.
ಇದು ನಾನು ಮಾಡಿದ್ದಲ್ಲ, ಅಂದ, ಎರಡು ಸಲ.

ಆಗ ನೆನಪಾಯಿತು.
ಹಗ್ಗ ಬಿಗಿಯುವಾಗ ಲಾಂಡ್ರಿಯ ಬಾಗಿಲಿಂದ
ಒಬ್ಬಳು ಬಂದಿದ್ದಳು, ಕೂದಲಿಗೆ ಬಲೆ ಕಟ್ಟಿ,
ಮೊಣಕೈ ತನಕ ಸೋಪು.
ಎದೆಯ ಪಟ್ಟಿಯಲ್ಲಿ ಪ್ರಿಮಿತಿವಾ ಅಂತಿತ್ತು.
ಇಲೋಕಾನೋ ಹೆಂಗಸು, ಮಗುವಿನಷ್ಟೇ ಪುಟ್ಟ ಕೈ.
ಚರ್ಚಿನ ಬಾಗಿಲ ನೀರನ್ನು ಮುಟ್ಟುವ ಹಾಗೆ
ಒಂದರ ಹೊಟ್ಟೆಯ ಮೇಲೆ ಬೆರಳಿಟ್ಟಳು.
ನಿಲ್ಲಿಸು ಅನ್ನಲಿಲ್ಲ. ಎಲ್ಲಿಗೆ ಅನ್ನಲಿಲ್ಲ.
ಒಳಗೆ ಯಂತ್ರ ಕೂಗಿತು, ಹೋದಳು.
ಧೂಳು ನೋಡುತ್ತಾಳೆ ಅಂದುಕೊಂಡಿದ್ದೆ ನಾನು.

ಹದಿನೆಂಟು ವರ್ಷ. ಬೆಳಗಿನ ಪಾಳಿ.
ಏನು ಕೇಳಿಕೊಂಡಳೋ, ಮಗನ ಜ್ವರವೋ, ಬಾಡಿಗೆಯೋ,
ಅಥವಾ ಕೇಳಲು ಏನೂ ಇಲ್ಲದೆ
ಬರೀ ಬಂದೆ ಅಂತ ಹೇಳಿದಳೋ.

ಮಾರನೆಯ ಬೆಳಿಗ್ಗೆ ಶೆಡ್ಡಿನಲ್ಲಿ ಸದ್ದಿಲ್ಲ.
ಬಗ್ಗಿ ನೋಡಿದೆ.
ಗೋಡೆಗೆ ಒರಗಿಸಿ ನಿಲ್ಲಿಸಿದ್ದ ಅದರೆದುರು ಮಾವ ಕೂತಿದ್ದ,
ತನ್ನ ತಟ್ಟೆಯ ಅನ್ನದಲ್ಲಿ ಅರ್ಧವನ್ನು
ಟೀ ಎಲೆಯ ಮೇಲೆ ಬೇರೆ ಮಾಡುತ್ತ.

ಆ ನಗುವನ್ನಾದರೂ ತಿದ್ದಲೇ, ಅಂದೆ.
ತಿರುಗಲಿಲ್ಲ.
ಬೇಡ, ಅಂದ ಬೈಯುವ ದನಿಯಲ್ಲಿ,
ಇನ್ನೇನು ತಿದ್ದುತ್ತೀ,
ಬಂದಾಗಿದೆಯಲ್ಲ.