ಬೆಲ್ಮೀರೊಗೆ, ಮೊದಲ ಬಾಟಲಿಗೂ ಮುನ್ನ

ಕೂತುಕೊಳ್ಳಿ ಬೆಲ್ಮೀರೊ. ಕಿಟಕಿಯ ಪಕ್ಕ ಬೇಡ,
ಈ ಮದ್ದಿಗೂ ಬಿಸಿಲಿಗೂ ಆಗಿಬರುವುದಿಲ್ಲ.
ಗೊತ್ತು, ನಲವತ್ತೊಂದು ಬೇಸಿಗೆ
ಅವೇರೊದ ಉಪ್ಪಿನಾಗರದಲ್ಲಿ ಬೆನ್ನು ಸುಟ್ಟುಕೊಂಡವರು ನೀವು.
ಬಿಸಿಲಿಲ್ಲದೆ ಉಪ್ಪು ಕಟ್ಟೀತೆ ಎಂದು ನಗುತ್ತೀರಿ.
ನಗಿ. ಟೋಪಿ ಮಾತ್ರ ಮರೆಯಬೇಡಿ.

ಮೊದಲ ಸಲ ನಿಧಾನ ಬಿಡುತ್ತೇನೆ, ತೊಟ್ಟು ತೊಟ್ಟಾಗಿ.
ಚಳಿ ಹತ್ತಿದರೆ, ಎದೆ ಬಿಗಿದರೆ, ಕೂಗಿ.
ಗಂಡಸೆಂದು ಹಲ್ಲು ಕಚ್ಚಿ ಕೂತವರನ್ನು ಕಂಡಿದ್ದೇನೆ;
ಅದು ಧೈರ್ಯವಲ್ಲ, ನನಗೆ ಓಡುವ ಕೆಲಸ.

ವಾರ ಕಳೆಯಲಿ, ಮುಖದ ತುಂಬ ಗುಳ್ಳೆ,
ಹದಿನಾರರ ಹುಡುಗನಿಗೆ ಏಳುವಂಥವು.
ಚಿವುಟಬೇಡಿ. ಮೊಮ್ಮಗಳ ಮೊಡವೆ ಕ್ರೀಮೂ ಬೇಡ.
ಮದ್ದು ಕೆಲಸ ಹಿಡಿದ ಗುರುತು ಎನ್ನುತ್ತಾರೆ ಡಾಕ್ಟರು.
ಎಷ್ಟೋ ಸಲ ಹೌದು. ನಾನು ಆಣೆ ಇಡುವುದಿಲ್ಲ.

ಬೆರಳ ತುದಿ ಬಿರಿಯುತ್ತದೆ. ಆಗ ಉಪ್ಪು ಮುಟ್ಟಿದರೆ...
ಅದನ್ನು ನಿಮಗೆ ನಾನು ಹೇಳಬೇಕೆ.

ಭೇದಿ ಹೆಚ್ಚಿದರೆ ಫೋನು ಮಾಡಿ, ನಡುರಾತ್ರಿಯಾದರೂ.
ರಕ್ತದಲ್ಲಿ ಮೆಗ್ನೀಸಿಯಂ ಇಳಿಯಬಹುದು, ಆಗಾಗ ನೋಡುತ್ತೇವೆ.

ಆಗ ಮೊದಲ ಬಾರಿ ಬಾಯಿಬಿಟ್ಟರು:
‘ಉಪ್ಪು ಬಾಚಿದ ಮೇಲೆ ಉಳಿಯುವ ಕಹಿನೀರಿನಲ್ಲಿ ಇರುವುದೂ ಅದೇ.
ಬೇಡವೆಂದು ಕಾಲುವೆಗೆ ಬಿಡುತ್ತಿದ್ದೆವು.’

ರೆಪ್ಪೆಕೂದಲು ಉದ್ದ ಬೆಳೆದು ಕಣ್ಣು ಚುಚ್ಚಿದರೆ
ನೀವೇ ಕತ್ತರಿಸಬೇಡಿ, ಇಲ್ಲಿಗೆ ಬನ್ನಿ.
ಎರಡು ವಾರಕ್ಕೊಮ್ಮೆ ಹೇಗೂ ಬರುತ್ತೀರಲ್ಲ.

‘ಎಷ್ಟು ಕಾಲ?’ ಎಂದರು.
ಇವತ್ತು ಒಂದೂವರೆ ಗಂಟೆ, ಎಂದೆ.
ಕೇಳಿದ್ದು ಅದಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅಂಗಿಯ ತೋಳು ಮಡಚಿ ಚಾಚಿದರು:
ಮೊಣಕೈಯ ಒಳಮಡಿಕೆ, ಬೆಳ್ಳಗೆ,
ಇಡೀ ಮೈಯಲ್ಲಿ ಸೂರ್ಯ ಮರೆತ ಒಂದೇ ಜಾಗ.