ಎಂಬತ್ತು ಮನೆಯ ಬೀದಿ

ಒಂದು ಸಾಲಿಗೆ ಎಂಬತ್ತು ಮನೆ.
ಮೊದಲಾರು ಅಂಕಿಗಳಿಗೆ ಅಂತ ಕಟ್ಟಿದ್ದು, ಈಗ ಬಹುಪಾಲು ಖಾಲಿ.
ಏಳನೆಯದರ ಬಾಗಿಲಿಗೆ ನಕ್ಷತ್ರ ಹಚ್ಚಿದರೆ
ಆ ಸಾಲನ್ನು ಯಂತ್ರ ಓದುವುದಿಲ್ಲ,
ಸಾಲ ಕೊಟ್ಟವನ ಅಂಗಡಿ ದಾಟುವವರ ಹಾಗೆ
ಮುಖ ತಿರುಗಿಸಿಕೊಂಡು ಹೋಗುತ್ತದೆ.
ಎಂಟರಿಂದ ಯಜಮಾನರು, ಹನ್ನೆರಡರಿಂದ ದುಡಿಯುವವರು,
ಎಪ್ಪತ್ತೆರಡು ಕಳೆದ ಮೇಲೆ
ಏನು ಬರೆದರೂ ಕೇಳುವವರಿಲ್ಲ.

ಕೋಬಾಲ್ ಕಲಿತ ಮೊದಲ ವಾರವೇ ಹೊಳೆಯಿತು,
ಇದು ನಮ್ಮಪ್ಪನ ಬೀದಿ.

ಪಿಗ್ಮಿ ಜವರಪ್ಪ ಅಂದರೆ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ
ಸೊಪ್ಪಿನವರಿಂದ ಕುಕ್ಕರ್ ರಿಪೇರಿಯವನ ತನಕ ಗೊತ್ತು.
ದಿನಕ್ಕೆ ಹತ್ತು, ಇಪ್ಪತ್ತು, ಹಬ್ಬದ ಮುಂಚೆ ಐವತ್ತು.
ಹೆಬ್ಬೆರಳಿಗೆ ಹತ್ತಿದ ಕಾರ್ಬನ್ನಿನ ನೀಲಿ
ಸೀಗೆಪುಡಿಗೂ ಬಗ್ಗಿಲ್ಲ.

ಸಾಲಗಾಮೆ ರಸ್ತೆಯ ಕಾಲೇಜು, ಎರಡನೇ ಮಹಡಿಯ ಲ್ಯಾಬು.
ಯಂತ್ರವನ್ನು ಯಾರೂ ಕಂಡಿಲ್ಲ. ಯಾವ ದೇಶದ
ಯಾವ ನೆಲಮಾಳಿಗೆಯಲ್ಲೋ ತಣ್ಣಗೆ ಕೂತಿದೆ.
ಸ್ಪರ್ಧೆಯವರು ನಮಗೆ ಕೊಟ್ಟದ್ದು ಒಂದು ಗುರುತಿನ ಸಂಖ್ಯೆ, ಆರು ವಾರ,
ಕಪ್ಪು ಪರದೆಯ ಮೇಲೆ ಎಳೆ ಅವರೆಕಾಯಿ ಬಣ್ಣದ ಅಕ್ಷರ.
ಮೌಸು ಮುಟ್ಟಿ ಉಪಯೋಗವಿಲ್ಲ.
"ಇದೇನೇ, ನಮ್ಮಜ್ಜಿ ಕಾಲದ್ದು" ಅಂದಳು ಫರ್ಜಾನಾ.
"ನಿಮ್ಮಜ್ಜಿ ಪಿಂಚಣಿ ಇಂಥದ್ದರಿಂದಲೇ ಬರ್ತಿರಬಹುದು" ಅಂದರು ಮೇಡಂ.
ಪೆನ್ಷನ್ ಮೊಹಲ್ಲಾದ ಹುಡುಗಿ, ಆಮೇಲೆ ಉಸಿರೆತ್ತಲಿಲ್ಲ.

ಎರಡನೇ ಸುತ್ತಲ್ಲಿ ಒಂದು ಪೂರ್ಣವಿರಾಮ ಮರೆತು
ನಲವತ್ತೊಂದು ತಪ್ಪು ತಿಂದೆ.
ಮೂರನೆಯದು ಒಂದು ಬ್ಯಾಂಕಿನ ಕಡತ,
ನಾಲ್ಕು ಸಾವಿರ ಖಾತೆ, ಕೂಡಿ ಮೊತ್ತ ಹೇಳು.
ರಾತ್ರಿ ಹನ್ನೊಂದಕ್ಕೆ ಓಡಿಸಿದರೆ ಅರ್ಧಕ್ಕೇ ನಿಂತಿತು.
ಎಸ್ ಸೊನ್ನೆ ಸಿ ಏಳು:
ಅಂಕಿ ಇರಬೇಕಾದಲ್ಲಿ ಅಂಕಿಯಲ್ಲದ್ದು ಏನೋ ಇದೆ.

ಇದ್ದದ್ದು ಏನೂ ಅಲ್ಲ.
ಹದಿನೇಳು ಖಾತೆಗಳಲ್ಲಿ ಮೊತ್ತದ ಜಾಗ ಖಾಲಿ.
ಎಲ್ಲರೂ ಮಾಡಿದ್ದು ನನಗೂ ಗೊತ್ತು.
ಖಾಲಿಗೆ ಸೊನ್ನೆ ತುಂಬು, ಮುಂದೆ ನಡೆ.
ಒಂದೇ ಸಾಲಿನ ಕೆಲಸ. ಬೆರಳು ಕೀಲಿಯ ಮೇಲೇ ಇತ್ತು.

ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪನ ಪುಸ್ತಕದ
ಖಾಲಿ ಚೌಕಗಳಿಗೆಲ್ಲ ದುಂಡಗೆ ಸೊನ್ನೆ ಸುತ್ತಿದ್ದೆ,
ಚೆಂದ ಕಾಣಲಿ ಅಂತ.
ಹೊಡೆಯಲಿಲ್ಲ. ರಬ್ಬರು ಹುಡುಕಿದ. ಪೆನ್ನಿನ ಗೆರೆ, ಹೋಗಲಿಲ್ಲ.
"ಸೊನ್ನೆ ಅಂದ್ರೆ ನಾ ಹೋಗಿದ್ದೆ, ಅವ್ರತ್ರ ಇರ್ಲಿಲ್ಲ.
ಖಾಲಿ ಅಂದ್ರೆ ನಾ ಹೋಗ್ಲೇ ಇಲ್ಲ ಕಣವ್ವ.
ಆವತ್ತು ನಂಗೆ ಜ್ವರ. ಬಾಳೆಹಣ್ಣಿನ ಸಾಕಮ್ಮ
ಇಪ್ಪತ್ತು ರೂಪಾಯಿ ಸೆರಗಲ್ಲಿ ಕಟ್ಕೊಂಡು ಕಾದಿರ್ತಾಳೆ.
ಅವಳ ಹೆಸರಿಗೆ ಸೊನ್ನೆ ಹಾಕ್ಬೌದಾ?"

ಹದಿನೇಳನ್ನೂ ಎತ್ತಿ ಬೇರೆ ಕಡತದಲ್ಲಿ ಕೂರಿಸಿದೆ.
ಏಳನೇ ಮನೆಗೆ ನಕ್ಷತ್ರ ಹಚ್ಚಿ,
ನಮ್ಮ ಲಿಪಿ ಅದಕ್ಕೆ ಬಾರದ್ದರಿಂದ ಇಂಗ್ಲಿಷ್ ಅಕ್ಷರದಲ್ಲಿ,
ಕನ್ನಡದಲ್ಲೇ ಬರೆದೆ:
ಇವರ ಬಾಗಿಲಿಗೆ ಯಾರೂ ಹೋಗಿಲ್ಲ.
ಇವರು ಕೊಟ್ಟಿಲ್ಲ ಅನ್ನಬೇಡಿ.

ಕೆಲಸ ಸರದಿಯಲ್ಲಿ ನಿಂತಿತು.
ಫರ್ಜಾನಾಳ ಡಬ್ಬಿಯ ನಿಪ್ಪಟ್ಟು ಮುಗಿಯುವಷ್ಟರಲ್ಲಿ ಉತ್ತರ:
ನಾಲ್ಕು ಸೊನ್ನೆ, ಒಂದರ ಪಕ್ಕ ಒಂದು.
ಅಲ್ಲಿಯ ಲೆಕ್ಕದಲ್ಲಿ ಅದರರ್ಥ, ದೋಷವಿಲ್ಲ.

ದೋಷವಿತ್ತು. ತೀರ್ಪಿನವರಿಗೆ ಬೇಕಿದ್ದದ್ದು ನಾಲ್ಕು ಸಾವಿರ ಸಾಲು,
ನಾನು ಕೊಟ್ಟದ್ದು ಮೂರು ಸಾವಿರದ ಒಂಬೈನೂರ ಎಂಬತ್ತಮೂರು.
ಮುಂದಿನ ಸುತ್ತಿನ ಪಟ್ಟಿಯಲ್ಲಿ ಫರ್ಜಾನಾ ಇದ್ದಳು,
ಒತ್ತು ತಪ್ಪಿದ ಹೆಸರಿನಲ್ಲಿ.

ಸಂಜೆ ಗೇಟಿನ ಹತ್ತಿರ ಅಪ್ಪನ ಟಿವಿಎಸ್ಸು,
ಮುಂದೆ ಚಿಲ್ಲರೆ ಚೀಲ.
"ಮೂರ್ನೇದ್ರಲ್ಲಿ ಎಷ್ಟು ಬಂತವ್ವ?"
"ಸೊನ್ನೆ."
ಎರಡು ಸಲ ಒದ್ದ, ಸ್ಟಾರ್ಟ್ ಆಗಲಿಲ್ಲ. ಮೂರನೆಯದಕ್ಕೆ ಆಯಿತು.
"ಹೋಗಿದ್ದೆ ಅಂತಾಯ್ತಲ್ಲ" ಅಂದ.
"ಹತ್ತು."