ಮೂರನೇ ನಿಮಿಷದ ಕೆಮ್ಮು

ಆ ಕೆಮ್ಮು ನನ್ನದು.
ರಟ್ಟಿನ ಹೊದಿಕೆಯ ಮೇಲೆ ನಾಲ್ಕು ಹೆಸರಿವೆ, ನನ್ನದಿಲ್ಲ;
ಮುಳ್ಳು ಅಲ್ಲಿಗೆ ಬಂದಾಗ ಮಾತ್ರ
ನಾನೂ ಆ ಬ್ಯಾಂಡಿನವಳು.

ಕಿಟ್ವೆಯ ಗಣಿ ಕಾಲೊನಿ, ಎಪ್ಪತ್ತಮೂರನೇ ಇಸವಿ.
ಅಣ್ಣ ಲುಬಿಂದ ಪಾಳಿ ಮುಗಿಸಿ ಬಂದರೆ
ಉಗುರ ಸಂದಿಯ ತಾಮ್ರದ ಹಸಿರು ಹೋಗುವ ತನಕ
ಗಿಟಾರು ಮುಟ್ಟುತ್ತಿರಲಿಲ್ಲ.
ತಂತಿ ಕಡಿದರೆ ಸೈಕಲ್ಲಿನ ಬ್ರೇಕು ಬಿಚ್ಚುತ್ತಿದ್ದ;
ಹಾಗಾಗಿ ನಮ್ಮ ಮನೆಯ ಸೈಕಲ್ಲು
ಗೋಡೆಗೆ ಗುದ್ದಿಯೇ ನಿಲ್ಲುತ್ತಿತ್ತು.

ಚಿಸೆಂಗನ ಡ್ರಮ್ಮು ಅಂದರೆ ಎರಡು ಎಣ್ಣೆ ಡಬ್ಬ,
ಒಂದು ಆಡಿನ ಚರ್ಮ. ಆ ಆಡಿನ ಒಡೆಯ
ಪ್ರತಿ ಭಾನುವಾರ ಬಂದು ಮುಂದೆಯೇ ಕೂರುತ್ತಿದ್ದ,
ಬಾಕಿಗೋ, ಹಾಡಿಗೋ, ತಿಳಿಯಲಿಲ್ಲ.
ಕಪಂಬ್ವೆ ಬೆಂಬಾದಲ್ಲೇ ಕೂಗಿ ಕೂಗಿ
ಸಾಲಿನ ಕೊನೆಗೊಂದು ‘ಬೇಬಿ’ ಅಂಟಿಸುತ್ತಿದ್ದ.
ಪಾದ್ರಿ ಕೊಟ್ಟ ಹಳೆಯ ಧ್ವನಿವರ್ಧಕ
ಪ್ರವಚನದ ಚಟ ಬಿಡದೆ
ಮೊದಲು ಗಂಟಲು ಸರಿಮಾಡಿಕೊಳ್ಳುತ್ತಿತ್ತು.

ಲುಸಾಕದಲ್ಲಿ ಗಂಟೆಗೆ ಹನ್ನೆರಡು ಕ್ವಾಚಾ.
ಅದನ್ನು ಕೂಡಿಸಿದ್ದು ನಾನು:
ಗಣಿಯ ಗೇಟಿನೆದುರು, ಬೆಳಗಿನ ನಾಲ್ಕಕ್ಕೆ,
ಹಿಟ್ಟಿನ ಉಂಡೆ ಎಣ್ಣೆಗೆ ಬಿಟ್ಟು, ಹೊಗೆ ಕುಡಿದು.
ಕೆಮ್ಮು ಹತ್ತಿದ್ದು ಅಲ್ಲಿ.

ಸ್ಟುಡಿಯೊ ಅಂದರೆ ದರ್ಜಿ ಅಂಗಡಿಯ ಹಿಂಬದಿ ಕೋಣೆ;
ಗೋಡೆ ತುಂಬ ಮೊಟ್ಟೆಯ ಟ್ರೇ, ಕಿಟಕಿಗೆ ಕಂಬಳಿ.
ಟೇಪಿನ ಯಜಮಾನ ಸಕಾಲ
ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟ:
‘ಟೇಪು ಇರುವುದು ಒಂದೇ.
ತಪ್ಪಿದರೆ ತಪ್ಪನ್ನೂ ಕಟ್ಟಿಕೊಂಡು ಊರಿಗೆ ಹೋಗಿ.’

ಬಾಗಿಲಿಗೆ ಚಿಲಕವಿರಲಿಲ್ಲ.
ಬೆನ್ನು ಕೊಟ್ಟು ನಿಲ್ಲಲೆಂದು ನನ್ನನ್ನು ಒಳಗೆ ಬಿಟ್ಟರು.
ಎರಡು ನಿಮಿಷ ತಡೆದೆ.
ಅಣ್ಣನ ಬೆರಳು ಆ ಬ್ರೇಕಿನ ತಂತಿಯ ಮೇಲೆ
ಬ್ರೇಕಿಲ್ಲದೆ ಇಳಿಜಾರು ಇಳಿಯುವಾಗ
ಉಸಿರು ನುಂಗಿದೆ, ಚಿಟೆಂಗೆಯ ಅಂಚು ಕಚ್ಚಿದೆ,
ಕಣ್ಣಲ್ಲಿ ನೀರು ಬಂತು...

ಯಾರೂ ನಿಲ್ಲಿಸಲಿಲ್ಲ.
ಚಿಸೆಂಗ ಮಾತ್ರ ಒಂದು ಪೆಟ್ಟು ತಡವಾಗಿ ಹೊಡೆದ,
ಬಸ್ಸಿನಲ್ಲಿ ಒತ್ತರಿಸಿ ಜಾಗ ಬಿಟ್ಟ ಹಾಗೆ.

ಮುನ್ನೂರು ತಟ್ಟೆ ಒತ್ತಿಸಿದರು.
ನೂರು, ಲಾರಿಯ ಬಿಸಿಲಿಗೆ ಹಪ್ಪಳವಾದವು.
ಅಂಥದೊಂದರಲ್ಲಿ ಆಡಿನ ಒಡೆಯ
ಹುರಿದ ಶೇಂಗಾ ಹಾಕಿಕೊಂಡು ತಿಂದ,
ಬಾಕಿ ಚುಕ್ತಾ ಅಂದ.

ಈಗ ಮೊಮ್ಮಗ ಹೇಳುತ್ತಾನೆ:
ಅದನ್ನು ಅಳಿಸಬಹುದು ಅಜ್ಜಿ, ಒಂದು ಗುಂಡಿ ಸಾಕು,
ಹಾಡು ಶುದ್ಧವಾಗುತ್ತದೆ.
ಶುದ್ಧವಾಗಲು ಅದಕ್ಕೇನು ಮೈಲಿಗೆಯೇ?
ಕೈ ತೆಗಿಯೋ, ಅಂದೆ.
ಆ ಬಾಗಿಲಿಗೆ ಇನ್ನೂ ಯಾರೂ
ಚಿಲಕ ಹಾಕಿಸಿಲ್ಲ.